ಸೀಮೆಎಣ್ಣೆ, ಸೀಮೆಸುಣ್ಣ ಮತ್ತು ನನ್ನ ದೋಣಿ

ಬ್ಲಾಗಿನ ಕಡೆ ತಲೆ ಹಾಕದೆ ಹತ್ತಿರ ಹತ್ತಿರ ಎರಡು ವರ್ಷವೇ ಆಗಿಹೋಯಿತು. "ಏನ್ರೀ, ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಕೇಳಿದ ಇಬ್ಬರು ಮೂವರು ಬ್ಲಾಗಿಗ ಗೆಳೆಯರಿಗೆ "ಸ್ವಲ್ಪ ಕೆಲಸ ಇತ್ತು" ಅಂತ ಹೇಳಿ ಜಾರಿಕೊಂಡಿದ್ದೆ. ಆ "ಸ್ವಲ್ಪ ಕೆಲಸ" ಈಗ ನಮ್ಮ ಮನೆ ಮುಂದೆ ಟ್ರೇಲರಿನ ಮೇಲೆ ಮಲಗಿದೆ. 16 ಅಡಿ ಉದ್ದ, ಸುಮಾರು 250 ಕೆ.ಜಿ. ತೂಕ, ಬಣ್ಣ ಗಿಣ್ಣ ಏನೂ ಇಲ್ಲ. ದೂರದಿಂದ ನೋಡಿದರೆ ಮದುವೆಮನೆಯ ದೊಡ್ಡ ಪಾತ್ರೆಯೊಂದನ್ನು ತೊಳೆದು ಬೋರಲು ಹಾಕಿದ ಹಾಗೆ ಕಾಣುತ್ತದೆ. ಅದು ನನ್ನ ದೋಣಿ. ಅಲ್ಯೂಮಿನಿಯಂ ದೋಣಿ. ನಾನೇ ಕತ್ತರಿಸಿ, ನಾನೇ ಬಗ್ಗಿಸಿ, ನಾನೇ ವೆಲ್ಡ್ ಮಾಡಿದ್ದು. ಅದೂ ಒಂದು ಸಲ ಅಲ್ಲ, ಎರಡು ಸಲ!

ಎರಡನೇ ಸಲದ ಕಥೆ ಹೇಳಲೆಂದೇ ಇವತ್ತು ಕೂತಿದ್ದೇನೆ.

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಉತ್ತರಕ್ಕೆ, ಎವರೆಟ್ ಊರಿನ ಹತ್ತಿರ. ಬೋಯಿಂಗ್‌ನವರು ದೊಡ್ಡ ವಿಮಾನ ಕಟ್ಟುವ ಊರು. ಪಕ್ಕದಲ್ಲೇ ಪ್ಯೂಜೆಟ್ ಸೌಂಡ್ ಅನ್ನುವ ಕೊಲ್ಲಿ. ಇಲ್ಲಿ ನಮ್ಮೂರ ಕಡೆ ಅಂಗಳದಲ್ಲಿ ಬೈಕ್ ನಿಂತಿರುವ ಹಾಗೆ ಮನೆಗಳ ಮುಂದೆ ದೋಣಿ ನಿಂತಿರುತ್ತದೆ. ಅದರಲ್ಲೂ ಅಲ್ಯೂಮಿನಿಯಂ ದೋಣಿಗಳು ಜಾಸ್ತಿ. ಇಲ್ಲಿಂದ ಅಲಾಸ್ಕಾದವರೆಗೂ ಮೀನುಗಾರರಿಗೆ ಅದೇ ಪ್ರೀತಿ. ದಡದಲ್ಲೆಲ್ಲ ಕಲ್ಲು, ನೀರಿನಲ್ಲಿ ತೇಲುವ ಮರದ ದಿಮ್ಮಿ. ಫೈಬರ್ ದೋಣಿ ಗುದ್ದಿದರೆ ಬಿರುಕು ಬಿಡುತ್ತದೆ, ಅಲ್ಯೂಮಿನಿಯಂ ಆದರೆ ಸಾಧಾರಣ ಹೊಡೆತಕ್ಕೆ ತಗ್ಗಿ ಸುಮ್ಮನಾಗುತ್ತದೆ. ಬಣ್ಣ ಬಳಿಯುವ ಗೋಜಿಲ್ಲ. ಉಕ್ಕಿನ ಮೂರನೇ ಒಂದು ಪಾಲು ತೂಕ.

ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮರ ಸಿಗೂದಿಲ್ವನಾ?"

(ಈ ರಾಜ್ಯಕ್ಕೆ ನಿತ್ಯಹಸಿರಿನ ರಾಜ್ಯ ಅಂತಲೇ ಅಡ್ಡಹೆಸರು. ಮನೆ ಕಿಟಕಿಯಿಂದ ಕಾಣುವುದು ಬರೀ ಮರ. ಏನು ಉತ್ತರ ಕೊಡಲಿ?)

ಅಪ್ಪ ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ನಮ್ಮದು ಕುಮಟಾ ಕಡೆ. ಅಜ್ಜಿಮನೆ ಇದ್ದದ್ದು ಅಘನಾಶಿನಿ ಹೊಳೆಯ ಆಚೆ ದಡದಲ್ಲಿ. ರಸ್ತೆಯಲ್ಲಿ ಹೋದರೆ ಮಿರ್ಜಾನ ಸುತ್ತಿ ಹೋಗಬೇಕು, ದೋಣಿಯಲ್ಲಾದರೆ ಅಘನಾಶಿನಿ ಊರಿಂದ ಎದುರಿಗೇ ತದಡಿ. ಬೇಸಿಗೆ ರಜೆ ಬಂತೆಂದರೆ ದೋಣಿ ದಾಟುವುದೇ ನಮಗೆ ಸಂಭ್ರಮ. ಹಲಗೆ ಹಲಗೆ ಜೋಡಿಸಿದ ಮರದ ದೋಣಿ, ಸಂದಿಗಳಿಗೆ ಹತ್ತಿ, ರಾಳ, ಎಣ್ಣೆ ಗಿಡಿದಿರುತ್ತಿದ್ದರು. ಎಷ್ಟು ಗಿಡಿದರೂ ಕಾಲ ಬುಡದಲ್ಲಿ ನಾಲ್ಕು ಬೆರಳು ನೀರು ಇದ್ದೇ ಇರುತ್ತಿತ್ತು. ಅಂಬಿಗ ನನ್ನ ಕೈಗೆ ಒಂದು ಹಳೇ ಡಬ್ಬಿ ಕೊಟ್ಟು "ಮೊಗಿ" ಅನ್ನುತ್ತಿದ್ದ. ನಾನು ಮೊಗೆಯುವುದು, ಅದು ಬರುವುದು.

ಒಂದು ಸಲ ಹೆದರಿಕೆಯಾಗಿ ಕೇಳಿದೆ, "ಮುಳುಗ್ತದಾ?"

ಅವನು ಹುಟ್ಟು ಹಾಕುತ್ತಲೇ ಹೇಳಿದ: "ಎಲ್ಲಿಂದ ಬರ್ತದೆ ಅಂತ ಗೊತ್ತಿದ್ದ ನೀರಿಗೆ ಹೆದರೂದಿಲ್ಲ ತಮ್ಮಾ."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಡಬ್ಬಿ ಮಾತ್ರ ನೆನಪಿನಲ್ಲಿ ಉಳಿಯಿತು.

......

2023ರ ಅಕ್ಟೋಬರಿನಲ್ಲಿ ದೋಣಿಯ ನಕ್ಷೆ ಕೊಂಡುತಂದೆ. ಗ್ಯಾರೇಜಿನಲ್ಲಿದ್ದ ಕಾರು ಹೊರಗೆ ಬಂತು. ಪೆಟ್ರೋಲ್ ಡಬ್ಬಿ, ಬಣ್ಣದ ಡಬ್ಬಿ, ರಟ್ಟಿನ ಪೆಟ್ಟಿಗೆ ಎಲ್ಲ ಹೊರಗೆ. ತಗಡು ಒಳಗೆ. ತಗಡು ಅಂದರೆ ನಮ್ಮ ಪಾತ್ರೆಯ ತಗಡಲ್ಲ, ಸಮುದ್ರಕ್ಕೆಂದೇ ಇರುವ 5086 ಅನ್ನುವ ಮಿಶ್ರಲೋಹ. ಅಲ್ಯೂಮಿನಿಯಮ್ಮಿಗೆ ಮೆಗ್ನೀಸಿಯಂ ಬೆರೆಸಿದ್ದು, ಉಪ್ಪುನೀರಿಗೆ ಜಗ್ಗುವುದಿಲ್ಲ. ತಳಕ್ಕೆ ಇಂಚಿನ 16ರಲ್ಲಿ 3 ಪಾಲು ದಪ್ಪದ ಹಾಳೆ (ಐದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ), ಪಕ್ಕಗಳಿಗೆ ಇಂಚಿನ 8ರಲ್ಲಿ 1 ಪಾಲು.

ನೀವು ನಂಬುವುದಿಲ್ಲ, ಇದನ್ನು ಮರ ಕೊಯ್ಯುವ ಗರಗಸದಲ್ಲೇ ಕೊಯ್ಯಬಹುದು! ಕಾರ್ಬೈಡ್ ಹಲ್ಲಿನ ಚಕ್ರ ಹಾಕಿ, ಮೇಣ ಸವರಿ, ಕಿವಿಗೆ ಮುಚ್ಚಳ ಹಾಕಿಕೊಂಡು ಕೊಯ್ದರೆ ಬೆಳ್ಳಿ ಹೊಟ್ಟು ಹಾರುತ್ತದೆ. ದರ್ಜಿ ಅಂಗಿ ಹೊಲಿಯುವ ಕ್ರಮದಲ್ಲೇ ಇದೂ. ನೆಲದ ಮೇಲೆ ಗುರುತು ಹಾಕಿ ಕತ್ತರಿಸುವುದು, ಅಂಚಿಗೆ ಅಂಚು ಎಳೆದು ತರುವುದು, ಅಲ್ಲಲ್ಲಿ ಒಂದೊಂದು ಚುಕ್ಕೆ ವೆಲ್ಡ್ ಹಾಕಿ ನಿಲ್ಲಿಸುವುದು. ಚಪ್ಪಟೆ ಹಾಳೆ ಸಂಜೆ ಹೊತ್ತಿಗೆ ಮೂತಿ ಎತ್ತಿ ದೋಣಿಯಾಗಿ ನಿಂತಾಗ ಮಗಳು ಕುಣಿದಾಡಿದಳು. ನಾನೂ.

ಕಷ್ಟ ಶುರುವಾಗುವುದು ಅಲ್ಲಿಂದ. ಅಲ್ಯೂಮಿನಿಯಂ ವೆಲ್ಡಿಂಗ್ ಅಂದ್ರೆ ಸುಮ್ಮನೆ ಅಲ್ಲ ಮಾರಾಯ್ರೆ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಬಿಳಿ ಅಲ್ಯುಮಿನಾ ಪುಡಿ ತೆಗೆಯುತ್ತಾರಲ್ಲ, ಅದೇ ವಸ್ತು. ಒಳಗಿನ ಲೋಹ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಪೊರೆ ಕರಗಲು 2000 ಡಿಗ್ರಿಗೂ ಮೇಲೆ ಬೇಕು. ಅದಕ್ಕೇ ಮೊದಲು ಅಸಿಟೋನಿನಲ್ಲಿ ಒರೆಸಿ, ಆಮೇಲೆ ಸ್ಟೇನ್‌ಲೆಸ್ ಬ್ರಷ್ಷಿನಲ್ಲಿ ಉಜ್ಜಬೇಕು. ಆ ಬ್ರಷ್ಷನ್ನು ಬೇರೆ ಯಾವುದಕ್ಕೂ ಮುಟ್ಟಿಸಬಾರದು. ಮಡಿ ಅಂದರೆ ಮಡಿ! ನಮ್ಮ ಅಜ್ಜಿಯ ಅಡುಗೆಮನೆಯಲ್ಲೂ ಇಷ್ಟು ಇರಲಿಲ್ಲ.

ಇನ್ನೊಂದು ಮೋಸ ಏನೆಂದರೆ, ಕಬ್ಬಿಣ ಕಾದರೆ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ. ಇದು ಬಣ್ಣವನ್ನೇ ಬದಲಿಸುವುದಿಲ್ಲ. ಸುಮ್ಮನೆ ಕೂತಿರುತ್ತದೆ, ಸುಮ್ಮನೆ ಕೂತಿರುತ್ತದೆ, ತಟ್ಟನೆ ತೂತು ಬಿದ್ದು ಕೆಳಗೆ ಸುರಿಯುತ್ತದೆ. ಒಲೆ ಮೇಲಿನ ಹಾಲಿನ ಥರ, ಆಚೆ ತಿರುಗಿದ ಗಳಿಗೆಯಲ್ಲೇ ಉಕ್ಕುವುದು. ಮೊದಲ ತಿಂಗಳು ನಾನು ಮಾಡಿದ್ದು ಬರೀ ತೂತು. ಸಾಲದ್ದಕ್ಕೆ, ಮೊದಲ ದಿನ ವಿ ಆಕಾರದ ಕುತ್ತಿಗೆಯ ಬನಿಯನ್ನಿನಲ್ಲಿ ಕೂತು ವೆಲ್ಡ್ ಮಾಡಿ ಆ ಬೆಳಕಿಗೆ ಎದೆಯ ಮೇಲೆ ಕೆಂಪು ವಿ ಬರೆಸಿಕೊಂಡೆ. ಚಳಿಗಾಲದ ನಡುವೆ ಆಫೀಸಿನಲ್ಲಿ ಎಲ್ಲರೂ "ಹವಾಯಿಗೆ ಹೋಗಿದ್ರಾ?" ಅಂತ ಕೇಳುವವರೇ :)

ತೂತು ಬಿದ್ದು ಬಿದ್ದು ಸಾಕಾಗಿ ನಾನು ಒಂದು ಉಪಾಯ ಮಾಡಿದೆ. ಕರೆಂಟ್ ಕಡಿಮೆ ಮಾಡಿದೆ. ಕೈ ಸ್ವಲ್ಪ ಬೇಗ ಓಡಿಸಿದೆ. ತೂತು ನಿಂತಿತು. ಅಷ್ಟೇ ಅಲ್ಲ, ವೆಲ್ಡ್ ಚೆಂದ ಬರತೊಡಗಿತು. ನಾಣ್ಯಗಳನ್ನು ಒಂದರ ಮೇಲೊಂದು ಮಲಗಿಸಿದ ಹಾಗೆ ಅಲೆ ಅಲೆ. ಫೋಟೋ ತೆಗೆದು ಗೆಳೆಯರಿಗೆ ಕಳಿಸಿದೆ. "ಪ್ರೊಫೆಷನಲ್ ಆಗ್ಬಿಟ್ಟೆ ಕಣೋ!" ಅಂದರು. ನಂಬಿದೆ.

2024ರ ಮಾರ್ಚ್ ಮುಗಿಯುವಷ್ಟರಲ್ಲಿ ತಳದ ನಡುವಿನ ಹೊಲಿಗೆ, ತಳ ಮತ್ತು ಪಕ್ಕ ಸೇರುವ ಎರಡು ಹೊಲಿಗೆ, ಮೂರೂ ಮುಗಿದಿದ್ದವು. ಒಂದೊಂದೂ ಹತ್ತಿರ ಹತ್ತಿರ ಐದು ಮೀಟರ್.

......

ಸೋರುತ್ತದೋ ಇಲ್ಲವೋ ಅಂತ ಪರೀಕ್ಷಿಸಲು ಹಳೇ ಕಾಲದ ಉಪಾಯ ಒಂದಿದೆ. ಕೇಳಿದರೆ ನಿಮಗೂ ಖುಷಿಯಾಗುತ್ತದೆ. ಹೊಲಿಗೆಯ ಒಂದು ಬದಿಗೆ ಸೀಮೆಸುಣ್ಣ ಬಳಿಯುವುದು, ಇನ್ನೊಂದು ಬದಿಗೆ ಸೀಮೆಎಣ್ಣೆ ಸವರುವುದು. ನೀರು ನುಗ್ಗದ ಸಂದಿಯಲ್ಲೂ ಸೀಮೆಎಣ್ಣೆ ನುಗ್ಗುತ್ತದೆ. ಸಣ್ಣ ರಂಧ್ರ ಇದ್ದರೂ ಸಾಕು, ಈಚೆ ಬಿಳಿಯ ಮೇಲೆ ಕಪ್ಪಗೆ ಒದ್ದೆ ಚುಕ್ಕೆ ಮೂಡುತ್ತದೆ. ಮಗಳು ರಸ್ತೆಯಲ್ಲಿ ಚಿತ್ರ ಬರೆಯುವ ಸೀಮೆಸುಣ್ಣವನ್ನೇ ಪುಡಿ ಮಾಡಿ ಸ್ಪಿರಿಟ್ಟಿನಲ್ಲಿ ಕಲಸಿ ಬಳಿದೆ. ಸೀಮೆಎಣ್ಣೆ ಅಂಗಡಿಯಿಂದ ಬಂತು (ಕ್ಯೂ ಇಲ್ಲ, ರೇಷನ್ ಕಾರ್ಡ್ ಇಲ್ಲ, ಆದರೆ ರೇಟು ಕೇಳಬೇಡಿ!). ಡಬ್ಬಿ ಮುಚ್ಚಳ ತೆಗೆದದ್ದೇ ತಡ, ನಮ್ಮೂರ ಚಿಮಣಿ ಬುಡ್ಡಿಯ ವಾಸನೆ ಗ್ಯಾರೇಜ್ ತುಂಬ. ಸೀಮೆಎಣ್ಣೆ, ಸೀಮೆಸುಣ್ಣ... ಎರಡೂ ಸೀಮೆಯಾಚೆಯಿಂದ ಬಂದು ಮನೆಯವೇ ಆಗಿಹೋದ ವಸ್ತುಗಳು. ನಾನೂ ಇಲ್ಲಿ ಹಾಗೇ ತಾನೆ ಅನ್ನಿಸಿ ಒಂದು ಗಳಿಗೆ ಸುಮ್ಮನೆ ಕೂತೆ.

ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಹದಿನೈದು ಮೀಟರಿನಲ್ಲಿ ಮೂರೇ ಮೂರು ಚುಕ್ಕೆ! ಹಿಗ್ಗಿ ಹೀರೇಕಾಯಿಯಾದೆ. ಬೇಲಿಯಾಚೆ ನಮ್ಮ ಪಕ್ಕದ ಮನೆಯ ಅಜ್ಜ ನಾಯಿ ಹಿಡಿದು ನಿಂತಿದ್ದರು. ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಕರೆದು ತೋರಿಸಿದೆ. ಕನ್ನಡಕ ಏರಿಸಿ ಹೊಲಿಗೆಯುದ್ದಕ್ಕೂ ಬೆರಳು ಓಡಿಸಿದರು. "ಚೆನ್ನಾಗಿ ಕಾಣ್ತದೆ" ಅಂದರು. ಆಮೇಲೆ ಕೇಳಿದರು: "ಒಂದನ್ನಾದರೂ ಮುರಿದು ನೋಡಿದ್ದೀಯಾ?"

ಮುರಿಯುವುದು? ಕಟ್ಟಲು ಕೂತವನು ಯಾಕೆ ಮುರಿಯಬೇಕು?

ಅವರು ವಿವರಿಸಿದರು. ಸೀಮೆಎಣ್ಣೆ ಹೇಳುವುದು ಸೋರುವುದಿಲ್ಲ ಅಂತ ಮಾತ್ರ. ಗಟ್ಟಿ ಇದೆ ಅಂತ ಅಲ್ಲ. ಮೇಣ ಮೆತ್ತಿದರೂ ಸೋರುವುದಿಲ್ಲವಲ್ಲ?

ಎರಡು ತುಂಡು ಹಾಳೆ ತೆಗೆದುಕೊಂಡು, ಒಂದನ್ನು ಇನ್ನೊಂದರ ಮೇಲೆ ನೆಟ್ಟಗೆ ನಿಲ್ಲಿಸಿ, ದೋಣಿಗೆ ಹಾಕಿದ್ದ ಅದೇ ಕರೆಂಟಿನಲ್ಲಿ, ಅದೇ ವೇಗದಲ್ಲಿ ಒಂದೇ ಬದಿಗೆ ವೆಲ್ಡ್ ಹಾಕಿದೆ. ಯಥಾಪ್ರಕಾರ ಚೆಂದದ ನಾಣ್ಯದ ಸಾಲು. ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ, ನಿಂತಿದ್ದ ಹಾಳೆಯನ್ನು ವೆಲ್ಡಿನ ಕಡೆಗೆ ಮಡಚುವಂತೆ ಸುತ್ತಿಗೆಯಲ್ಲಿ ಹೊಡೆದೆ. ಸರಿಯಾದ ವೆಲ್ಡ್ ಆದರೆ ಲೋಹ ಬಾಗಬೇಕು, ಹರಿದರೂ ಎಳೆ ಎಳೆಯಾಗಿ ಹರಿಯಬೇಕು. ನನ್ನದು ಎರಡನೇ ಹೊಡೆತಕ್ಕೆ ಮಾರಿ ಬಿಸ್ಕತ್ತಿನ ಹಾಗೆ "ಟಪ್" ಅಂತ ಬಿಟ್ಟುಕೊಂಡಿತು.

ಒಳಗೆ ನೋಡಿದೆ. ಮೂಲೆಯಲ್ಲಿ ಹಾಳೆಯ ಅಂಚು ಹಾಗೆ ಹಾಗೇ ಇತ್ತು. ಕರಗಿಯೇ ಇರಲಿಲ್ಲ. ನನ್ನ ಗರಗಸದ ಹಲ್ಲಿನ ಗೆರೆಗಳು ಕೂಡ ಮಾಸದೆ ಸಾಲಾಗಿ ಕಾಣುತ್ತಿದ್ದವು. ಮೇಲೆ ಕರಗಿದ ತಂತಿ ಬರೀ ಅಂಟಿಕೊಂಡು ಕೂತಿತ್ತು, ಕೇಕಿನ ಮೇಲಿನ ಕ್ರೀಮಿನ ಹಾಗೆ.

ಅಜ್ಜ ತುಂಡನ್ನು ನನ್ನ ಕೈಗಿಟ್ಟು "ತುಂಬಾ ತಣ್ಣಗೆ" ಅಂದು ನಾಯಿ ಕರೆದುಕೊಂಡು ಹೋದರು.

......

ಇಲ್ಲಿ ನನ್ನ ಕಸುಬು ಏನೆಂದು ಹೇಳಬೇಕು. ನಾನು ಹದಿನಾಲ್ಕು ವರ್ಷದಿಂದ ಮಾಡುತ್ತಿರುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದದ್ದನ್ನು ಮುರಿಯುವುದಕ್ಕೇ ನನಗೆ ಸಂಬಳ. "ನಮ್ಮದು ಚೆನ್ನಾಗಿ ಓಡ್ತಿದೆಯಲ್ಲ, ಮತ್ಯಾಕೆ ಕೆದಕ್ತೀಯ?" ಅಂತ ಮುಖ ಸಿಂಡರಿಸುವ ಹುಡುಗರನ್ನು ನೋಡಿ ಒಳಗೊಳಗೇ ನಕ್ಕವನು ನಾನು. ಆ ರಾತ್ರಿ ನನ್ನ ತಲೆಯಲ್ಲಿ ಓಡಿದ ಮಾತುಗಳು ಅಕ್ಷರಶಃ ಅವೇ. ಸೋರುತ್ತಿಲ್ಲವಲ್ಲ. ಒಂದೇ ತುಂಡು ತಾನೇ ಮುರಿದದ್ದು, ದೋಣಿಯಲ್ಲಿ ಚೆನ್ನಾಗಿಯೇ ಹಿಡಿದಿರಬಹುದು. ಒಳಗೂ ಹೊರಗೂ ವೆಲ್ಡ್ ಇದೆ, ಎರಡೂ ಸೇರಿ ತಡೆದುಕೊಳ್ಳುತ್ತವೆ. ಯಾರಿಗೆ ಗೊತ್ತಾಗುತ್ತದೆ?

ಇಲ್ಲಿನ ನೀರಿನ ಬಗ್ಗೆ ಹೇಳುತ್ತೇನೆ. ಪ್ಯೂಜೆಟ್ ಸೌಂಡಿನ ನೀರು ಬೇಸಿಗೆಯಲ್ಲೂ ಸಾಮಾನ್ಯವಾಗಿ 12-13 ಡಿಗ್ರಿ ಸೆಲ್ಸಿಯಸ್. ಅಘನಾಶಿನಿಯಲ್ಲಿ ಬಿದ್ದರೆ ಈಜಿ ದಡ ಸೇರಿ ಬೈಸಿಕೊಳ್ಳಬಹುದು. ಇಲ್ಲಿ ಬಿದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಕೈಬೆರಳು ಹೇಳಿದ ಮಾತು ಕೇಳುವುದಿಲ್ಲ, ಈಜು ಬಂದರೂ ಅಷ್ಟೇ. ಅಲೆಯ ಮೇಲೆ ಓಡುವ ದೋಣಿಯ ತಳಕ್ಕೆ ಒಂದೊಂದು ಅಲೆಯೂ ಒಂದೊಂದು ಸುತ್ತಿಗೆ ಏಟು. ನನ್ನ ವೆಲ್ಡ್ ತಡೆದದ್ದು ಎರಡು ಏಟು.

ನನ್ನ ಹೆಂಡತಿ ದಾವಣಗೆರೆಯವಳು. ನೀರು ಅಂದರೆ ಅವಳಿಗೆ ಭದ್ರಾ ಕಾಲುವೆಯೇ ಹೆಚ್ಚು. ಶುರುವಿನಲ್ಲೇ ಹೇಳಿದ್ದಳು: "ನೀನು ಕಟ್ಕೋ. ಆದ್ರೆ ಮಗಳನ್ನ ಕೂರಿಸೋ ಮುಂಚೆ ನನ್ನ ಮುಖ ನೋಡಿ 'ಗಟ್ಟಿ ಇದೆ' ಅಂತ ಹೇಳ್ಬೇಕು." ಅಡುಗೆಮನೆಯಲ್ಲಿ ಆ ಮುರಿದ ತುಂಡು ಹಿಡಿದು ನಿಂತಾಗ ಅವಳು ಏನೂ ಕೇಳಲಿಲ್ಲ. ತುಂಡನ್ನು ನೋಡಿದಳು, ನನ್ನನ್ನು ನೋಡಿದಳು, "ಊಟಕ್ಕೆ ಬಾ" ಅಂದಳು.

ಮರುದಿನ ಬೆಳಿಗ್ಗೆ ಹೊಲಿಗೆ ಬಿಚ್ಚಲು ಶುರು ಮಾಡಿದೆ.

ಬಿಚ್ಚುವುದು ಅಂದರೆ ಹೊರಬದಿಯ ವೆಲ್ಡನ್ನು ಕಾರ್ಬೈಡ್ ಚಕ್ರದಲ್ಲಿ ಕೊರೆದು ಕೊರೆದು, ಒಳಬದಿಯ ವೆಲ್ಡಿನಲ್ಲಿ ಗಟ್ಟಿ ಲೋಹ ಸಿಗುವವರೆಗೆ ಕಾಲುವೆ ತೋಡುವುದು. ಗೆರೆಯೊಂದು ಕಾಣುತ್ತಿದೆಯೆಂದರೆ ಅಲ್ಲಿ ಇನ್ನೂ ಬೆಸೆದಿಲ್ಲ ಅಂತ. ಇನ್ನಷ್ಟು ಕೊರೆಯಬೇಕು. ಗೆರೆ ಮಾಯವಾದಲ್ಲಿ ನಿಲ್ಲಿಸಬೇಕು. ಕೆಲವು ಕಡೆ ಗೆರೆ ಆಚೆಯವರೆಗೂ ಹೋಗಿ ಬೆಳಕೇ ಕಂಡಿತು. ಒಂದು ತುಂಡು ತಾನೇ ಅಂದುಕೊಂಡಿದ್ದೆನಲ್ಲ? ಹದಿನೈದು ಮೀಟರಿನಲ್ಲಿ ಸರಿಯಾಗಿ ಬೆಸೆದದ್ದು ಅರ್ಧವೂ ಇರಲಿಲ್ಲ. ಅದರಲ್ಲೂ ಪ್ರತಿ ಸಲ ಶುರು ಮಾಡಿದ ಜಾಗದ ಒಂದಿಂಚು ಪೂರಾ ಪೊಳ್ಳು. ಅಲ್ಯೂಮಿನಿಯಂ ಶಾಖವನ್ನು ಹೀರಿ ದೂರ ಸಾಗಿಸಿಬಿಡುತ್ತದೆ, ತಣ್ಣಗಿನ ಹಾಳೆಯ ಮೇಲೆ ಮೊದಲ ಇಂಚು ಯಾವಾಗಲೂ ಅಪಾಯ. ನಿಲ್ಲಿಸಿದ ಜಾಗದಲ್ಲಿ ಇನ್ನೊಂದು ತಾಪತ್ರಯ, ಅಲ್ಲಿ ಉಳಿಯುವ ಸಣ್ಣ ಗುಂಡಿಯಿಂದಲೇ ಬಿರುಕು ಹುಟ್ಟುವುದು.

ಸೀಮೆಎಣ್ಣೆ ಹಾಕಿದ್ದರಿಂದ ಇನ್ನಷ್ಟು ಕೆಲಸ. ಎಣ್ಣೆಯ ಪಸೆ ಉಳಿದರೆ ಅದರ ಹೈಡ್ರೋಜನ್ ಕರಗಿದ ಲೋಹಕ್ಕೆ ಸೇರಿ ಇಡ್ಲಿಯ ಹಾಗೆ ತೂತು ತೂತಾಗುತ್ತದೆ. ಮತ್ತೆ ಅಸಿಟೋನ್, ಮತ್ತೆ ಬ್ರಷ್, ಮತ್ತೆ ಮಡಿ.

ಅಜ್ಜ ಈ ಸಲ ಬೇಲಿ ದಾಟಿ ಒಳಗೆ ಬಂದರು. ಅವರು ಕಲಿಸಿದ ಲೆಕ್ಕ ಸುಲಭ. ಹಾಳೆಯ ದಪ್ಪ ಇಂಚಿನ ಸಾವಿರದಲ್ಲಿ ಎಷ್ಟು ಪಾಲೋ ಹೆಚ್ಚುಕಡಿಮೆ ಅಷ್ಟು ಆಂಪಿಯರ್. ನನ್ನ ತಳದ ಹಾಳೆಗೆ 187. ನಾನು ಇಟ್ಟುಕೊಂಡಿದ್ದು 130. "ತೂತು ಬೀಳ್ತದೆ ಅಂತ ಹೆದರಿ ತಣ್ಣಗೆ ಮಾಡ್ತಾರೆ ಎಲ್ಲ ಹೊಸಬರೂ" ಅಂದರು. "ತೂತು ಕಣ್ಣಿಗೆ ಕಾಣ್ತದೆ, ಮುಚ್ಚಬಹುದು. ಇದು ಕಾಣೂದಿಲ್ಲ." ಬಿಸಿಯಾಗಿ, ಧೈರ್ಯವಾಗಿ ಹೋಗಬೇಕು, ಕೊನೆಯಲ್ಲಿ ಸ್ವಲ್ಪ ಹಿಂದೆ ಬಂದು ಗುಂಡಿ ತುಂಬಿ ನಿಲ್ಲಬೇಕು. ಒಂದೇ ಕಡೆ ಉದ್ದಕ್ಕೆ ಹೋದರೆ ದೋಣಿ ಸೊಟ್ಟಗಾಗುತ್ತದೆ, ಹಾಗಾಗಿ ಈ ಬದಿಗೆ ಒಂದು ಗೇಣು, ಆ ಬದಿಗೆ ಒಂದು ಗೇಣು. ಪ್ರತಿ ದಿನ ದೋಣಿ ಮುಟ್ಟುವ ಮುಂಚೆ ಒಂದು ತುಂಡು ವೆಲ್ಡ್ ಮಾಡಿ ಮುರಿಯುವುದು ನನ್ನ ಸಂಧ್ಯಾವಂದನೆಯಾಯಿತು. ಸರಿಯಾಗಿ ಬಾಗಿದರೆ ಕೆಲಸ. ಬಿಸ್ಕತ್ತಾದರೆ ಮತ್ತೊಂದು ತುಂಡು.

ಹೊಸ ವೆಲ್ಡ್ ಮೊದಲಿನಷ್ಟು ಚೆಂದ ಇಲ್ಲ ಅನ್ನುವುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅಗಲ, ಚಪ್ಪಟೆ, ಅಲ್ಲಲ್ಲಿ ಮಸಿ. ಫೋಟೋ ಕೇಳಬೇಡಿ.

ಮುರಿದ ತುಂಡುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕುತ್ತಿದ್ದೆ. ಎರಡನೇ ಚಳಿಗಾಲ ಮುಗಿಯುವಾಗ ಬಕೆಟ್ ತುಂಬಿತ್ತು. ಮೇಲಿನವು ಬಾಗಿದ್ದವು, ಕೆಳಗಿನವು ಒಡೆದಿದ್ದವು. ಒಂದು ಸಂಜೆ ಹೆಂಡತಿ ಬಂದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎತ್ತಿ ನೋಡಿದಳು. ಕಡೆಗೆ ಬಾಗಿದ ಒಂದು ತುಂಡು ಕೈಯಲ್ಲಿ ಹಿಡಿದು "ಇದು ಈಗಿಂದಾ?" ಅಂದಳು. "ಹೌದು, ಗಟ್ಟಿ ಇದೆ" ಅಂದೆ. ಮುಖ ನೋಡಿಯೇ ಅಂದೆ.

......

2025ರ ಜುಲೈ, ಒಂದು ಶನಿವಾರ ಬೆಳಿಗ್ಗೆ. ರಾಜ್ಯದವರು ದೋಣಿಗೆ ಒಂದು ಗುರುತಿನ ನಂಬರು ಕೊಟ್ಟಿದ್ದಾರೆ, ಮನೆಯಲ್ಲಿ ಕಟ್ಟಿದ ದೋಣಿಗೆ ಕಂಪನಿಯ ನಂಬರು ಇರುವುದಿಲ್ಲವಲ್ಲ. ಮೂತಿಯ ಎರಡೂ ಬದಿಗೆ ನೋಂದಣಿ ಅಂಕಿ ಅಂಟಿಸಿದ್ದಾಯಿತು. ಎವರೆಟ್ ಬಂದರಿನ ಇಳಿಜಾರಿನಲ್ಲಿ ಟ್ರೇಲರ್ ಹಿಂದಕ್ಕೆ ಹೋಯಿತು. ಅಂಬಾಸಿಡರಿನಲ್ಲಿ ಡ್ರೈವಿಂಗ್ ಕಲಿತವನಿಗೆ ಟ್ರೇಲರ್ ಹಿಂದೆ ಬಿಡುವುದು ಎಷ್ಟು ಅವಮಾನ ಅನ್ನುವುದು ಇನ್ನೊಂದು ಬರಹಕ್ಕಿರಲಿ. ಹೆಂಡತಿ ತೆಂಗಿನಕಾಯಿ ಒಡೆದಳು. ಮಗಳು, ಹೆಂಡತಿ, ಅಜ್ಜ, ನಾನು, ಎಲ್ಲರ ಮೈಮೇಲೂ ಲೈಫ್ ಜಾಕೆಟ್. ದೋಣಿ ನೀರಿಗಿಳಿಯಿತು. ತೇಲಿತು. ಗಂಟಲು ಕಟ್ಟಿ ನನಗೆ ಮಾತೇ ಹೊರಡಲಿಲ್ಲ.

ಕಟ್ಟೆಯ ಪಕ್ಕ ಹಗ್ಗ ಕಟ್ಟುತ್ತಿರುವಾಗಲೇ ಮಗಳು ಕೂಗಿದಳು:

"ಅಪ್ಪಾ, ನೀರು!"

ನೋಡುತ್ತೇನೆ, ಹಿಂಬದಿಯಲ್ಲಿ ಎರಡು ಬೆರಳು ನೀರು! ಎದೆ ಧಸಕ್ಕೆಂದಿತು. ಯಾವ ಹೊಲಿಗೆ? ಯಾವ ಗೇಣು? ಎಲ್ಲ ಹದಿನೈದು ಮೀಟರೂ ಕಣ್ಣ ಮುಂದೆ ಬಂದವು. ಅಜ್ಜ ಬಗ್ಗಿ ನೋಡಿದವರೇ ಭುಜ ಕುಣಿಸಿ ನಗತೊಡಗಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೋಣಿಯ ಹಿಂಬದಿಯಲ್ಲಿ, ದಡಕ್ಕೆ ತಂದಾಗ ಒಳಗಿನ ನೀರು ಹರಿದುಹೋಗಲಿ ಅಂತ ಒಂದು ತೂತು ಇರುತ್ತದೆ. ಅದಕ್ಕೊಂದು ಬಿರಡೆ. ಆ ಬಿರಡೆ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು.

ಎರಡು ವರ್ಷ, ಒಂದು ಬಕೆಟ್ ಮುರಿದ ತುಂಡು, ಮೂರು ಲೀಟರ್ ಸೀಮೆಎಣ್ಣೆ. ಕಡೆಗೆ ನೀರು ಬಂದದ್ದು ನಾನೇ ಅಳತೆ ಹಿಡಿದು, ನಾನೇ ಕೊರೆದು, ನಾನೇ ಮುಚ್ಚಲು ಮರೆತ ತೂತಿನಿಂದ! ಬಿರಡೆ ಹಾಕಿ ತಿರುಗಿಸಿದೆ. ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಆಮೇಲೆ ನೋಡಿದರೆ ಅವಳೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಾಳೆ. "ಹೆದರಿಕೆ ಆಗ್ಲಿಲ್ವಾ?" ಅಂದೆ. "ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ" ಅಂದಳು. ಅಂಬಿಗನ ಮಾತನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಮಗಳ ಕೈಗೆ ಒಂದು ಡಬ್ಬಿ ಕೊಟ್ಟು "ಮೊಗಿ" ಅಂದೆ.

ಈ ಸಲ ನೀರು ಖಾಲಿಯಾಯಿತು.

ಅಪ್ಪನಿಗೆ ವಿಡಿಯೋ ಕಳಿಸಿದೆ. ಎರಡು ಸಲ ನೋಡಿದರಂತೆ. ರಾತ್ರಿ ಫೋನ್ ಮಾಡಿ "ತಗಡಾದ್ರೂ ಅಡ್ಡಿಲ್ಲೆ, ತೇಲ್ತದೆ" ಅಂದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ :)

ನೀವು ಯಾರಾದರೂ ಈ ಕಡೆ ಬಂದರೆ ಖಂಡಿತ ಹೇಳಿ, ಒಂದು ಸುತ್ತು ಹಾಕಿಸುತ್ತೇನೆ. ಹತ್ತುವ ಮುಂಚೆ ಬಿರಡೆ ಹಾಕಿದೆಯೋ ಅಂತ ನೀವೇ ಒಂದು ಸಲ ನೋಡಿಬಿಡಿ. ಬೇಕಾದರೆ ಬಕೆಟ್ ಕೂಡ ತೋರಿಸುತ್ತೇನೆ.